ಪದಚರ್ಚೆ: ‘ಹಸಿರು ಕಾರು’ ಮತ್ತು ‘ಚಾರ್ಜಿನ ಹೈಬ್ರಿಡ್’ ಬಳಸಬಹುದೇ?

ಬಳಗದ ಹಿರಿಯರಿಗೂ ಗೆಳೆಯರಿಗೂ ಕಲಬುರಗಿಯಿಂದ ನಮಸ್ಕಾರ.

ನಮ್ಮ ಕಾಲೇಜಿನ ವಾರ್ಷಿಕ ಸಂಚಿಕೆಗೆ ಬಂದ ಲೇಖನವೊಂದನ್ನು ತಿದ್ದಲು ಕುಳಿತವನು ಎರಡು ಪದಗಳಲ್ಲಿ ಸಿಕ್ಕಿಕೊಂಡಿದ್ದೇನೆ. ಲೇಖನ ಕಾರುಗಳಿಗೆ ಕೊಡುವ ಪರಿಸರ ಪ್ರಶಸ್ತಿಗಳನ್ನು ಕುರಿತದ್ದು. ವಿದ್ಯಾರ್ಥಿ ಬರೆದ ವಾಕ್ಯ ಹೀಗಿದೆ: ‘2011ರ ಹಸಿರು ಕಾರು ಪ್ರಶಸ್ತಿಯಲ್ಲಿ ಹೈಬ್ರಿಡ್ ಕಾರು ವಿದ್ಯುತ್ ಕಾರನ್ನು ಸೋಲಿಸಿತು.’ ವ್ಯಾಕರಣದಲ್ಲಿ ತಪ್ಪಿಲ್ಲ. ಅರ್ಥ ಮಾತ್ರ ಓದುಗರ ಕೈಗೆ ಸಿಗುವುದಿಲ್ಲ.

ಮೊದಲು ‘ಹಸಿರು’. ಕಮಲಾಪುರದ ಕೆಂಪು ಬಾಳೆ ಎಂದರೆ ಹಣ್ಣು ಕೆಂಪಗೇ ಇರುತ್ತದೆ. ಹಸಿರು ಕಾರು ಬಿಳಿಯದಾಗಿರಬಹುದು, ಕರಿಯದಾಗಿರಬಹುದು. ‘ಹಸಿರು ಕ್ರಾಂತಿ’ ಎಂದಾಗ ಈ ತೊಡಕಿರಲಿಲ್ಲ. ಕ್ರಾಂತಿಗೆ ಬಣ್ಣವಿಲ್ಲ, ಕಾರಿಗೆ ಇದೆ. ಸಾಲದ್ದಕ್ಕೆ, 2018ರಿಂದ ನಮ್ಮ ದೇಶದಲ್ಲಿ ಬ್ಯಾಟರಿಯಿಂದಲೇ ಓಡುವ ವಾಹನಗಳಿಗೆ ಹಸಿರು ನಂಬರ್ ಪ್ಲೇಟ್ ಬಂದಿದೆ. ಬ್ಯಾಟರಿಯ ಮೋಟರಿನ ಜೊತೆಗೆ ಪೆಟ್ರೋಲ್ ಎಂಜಿನ್ನೂ ಇರುವ ಹೈಬ್ರಿಡ್‌ಗೆ ಬಿಳಿಯ ಪ್ಲೇಟೇ ಗತಿ. ಹಾಗಾಗಿ ನಮ್ಮ ಬೀದಿಯಲ್ಲಿ ‘ಹಸಿರು ಗಾಡಿ’ ಎಂದರೆ ಬ್ಯಾಟರಿ ಗಾಡಿ ಎಂದು ಆಗಲೇ ರೂಢಿಯಾಗುತ್ತಿದೆ. ಲೇಖನದಲ್ಲಿ ‘ಹಸಿರು ಕಾರು’ ಎಂದು ಪ್ರಶಸ್ತಿ ಪಡೆದ ಗಾಡಿಗೆ ಇಲ್ಲಿ ಹಸಿರು ಪ್ಲೇಟ್ ಸಿಗುವುದಿಲ್ಲ!

‘ಪರಿಸರಸ್ನೇಹಿ’ ಎನ್ನೋಣವೆಂದರೆ ನನಗೆ ಆ ಪದವೇ ಹಿಡಿಸದು. ಟನ್ನುಗಟ್ಟಲೆ ಉಕ್ಕು ಪರಿಸರಕ್ಕೆ ಸ್ನೇಹಿತನಾಗುವುದು ಹೇಗೆ? ನಮ್ಮ ಕಡೆಯದೇ ಆದ ರಾಯಚೂರು ಜಿಲ್ಲೆಯ ಶಕ್ತಿನಗರದಲ್ಲಿ ಕಲ್ಲಿದ್ದಲು ಉರಿದ ಮೇಲೆ ಬರುವ ಕರೆಂಟಿನಿಂದಲೂ ಕಾರು ಓಡುತ್ತದೆಯಲ್ಲ. ‘ಹಸಿರು’ ಮತ್ತು ‘ಹಸಿ’ ಒಂದೇ ಬೇರಿನವು ಎಂಬುದು ನಿಮಗೆಲ್ಲ ಗೊತ್ತು. ವಿದ್ಯಾರ್ಥಿ ಹೇಳುವ ಪ್ರಶಸ್ತಿಯನ್ನು ಕೊಡುವ ಅಮೆರಿಕದ ಗ್ರೀನ್ ಕಾರ್ ಜರ್ನಲ್ ಪತ್ರಿಕೆ 2009ರಲ್ಲಿ ಫೋಕ್ಸ್‌ವ್ಯಾಗನ್ ಜೆಟ್ಟಾ ಡೀಸೆಲ್‌ಗೆ, 2010ರಲ್ಲಿ ಆಡಿ ಎ3 ಡೀಸೆಲ್‌ಗೆ ವರ್ಷದ ಹಸಿರು ಕಾರು ಪ್ರಶಸ್ತಿ ಕೊಟ್ಟಿತ್ತು. ಹೊಗೆ ಪರೀಕ್ಷೆಯನ್ನು ವಂಚಿಸುವ ತಂತ್ರಾಂಶ 2015ರಲ್ಲಿ ಬಯಲಾದಾಗ ಎರಡೂ ಪ್ರಶಸ್ತಿಗಳನ್ನು ಹಿಂಪಡೆಯಲಾಯಿತು. ಹಸಿರು ಎಂದದ್ದು ಹಸಿ ಸುಳ್ಳಾಗಿತ್ತು.

ಇನ್ನು ‘ಹೈಬ್ರಿಡ್’. ನನ್ನ ನಿಜವಾದ ಕಷ್ಟ ಇಲ್ಲಿದೆ. ನಮ್ಮ ಕಡೆ ಈ ಪದ ‘ಜವಾರಿ’ಯ ಎದುರು ನಿಂತಿದೆ. ಜವಾರಿ ಜೋಳ, ಜವಾರಿ ಕೋಳಿ, ಜವಾರಿ ಬದನೆಕಾಯಿ, ಉಳಿದದ್ದೆಲ್ಲ ಹೈಬ್ರಿಡ್. ಸಂತೆಯಲ್ಲಿ ‘ಇದು ಹೈಬ್ರಿಡ್’ ಎಂದರೆ ಇಳುವರಿ ಹೆಚ್ಚು, ರುಚಿ ಇಲ್ಲ ಎಂದರ್ಥ. ಕನ್ನಡಿಸಲು ಹೋದರೆ ಪಾಡು ಇನ್ನೂ ಕೆಡುತ್ತದೆ: ‘ಮಿಶ್ರತಳಿ’ ಬೀಜಕ್ಕೆ, ದನಕ್ಕೆ ಸೇರಿದ್ದು, ‘ಸಂಕರ’ಕ್ಕೆ ಹಳೆಯ ಜಾತಿಯ ವಾಸನೆಯಿದೆ, ‘ಬೆರಕೆ’ ಎಂದರೆ ಕಲಬೆರಕೆ ನೆನಪಾಗುತ್ತದೆ. ಆದ್ದರಿಂದ ‘ಹೈಬ್ರಿಡ್’ ಹಾಗೆಯೇ ಇರಲಿ. ಆದರೆ ತನ್ನ ಚಾರ್ಜನ್ನು ತಾನೇ ಮಾಡಿಕೊಳ್ಳುವ ಹೈಬ್ರಿಡ್ ಬೇರೆ, ಗೋಡೆಯ ಕರೆಂಟನ್ನೂ ಕುಡಿಯುವ ಪ್ಲಗ್-ಇನ್ ಹೈಬ್ರಿಡ್ ಬೇರೆ. ಪ್ರಶಸ್ತಿಯ ಪಂದ್ಯವೆಲ್ಲ ನಿಂತಿರುವುದು ಈ ಭೇದದ ಮೇಲೆ.

2011ರಲ್ಲಿ ಗ್ರೀನ್ ಕಾರ್ ಜರ್ನಲ್‌ನ ಪ್ರಶಸ್ತಿ ಗೆದ್ದ ಷೆವ್ರೊಲೆ ವೋಲ್ಟ್ ಸುಮಾರು 56 ಕಿ.ಮೀ. ಬ್ಯಾಟರಿಯಲ್ಲಿ ಓಡಿ, ಆಮೇಲೆ ಪೆಟ್ರೋಲನ್ನು ನೆಚ್ಚುತ್ತಿತ್ತು. ಸೋತ ನಿಸ್ಸಾನ್ ಲೀಫ್ ಪೂರ್ತಿ ಬ್ಯಾಟರಿಯದು, ಸುಮಾರು 117 ಕಿ.ಮೀ. ಕಲಬುರಗಿಯಿಂದ ಬೀದರಿಗೆ ಹೊರಟರೆ ವೋಲ್ಟ್ ಕಮಲಾಪುರ ದಾಟಿ ಹುಮನಾಬಾದ್ ಸೇರುವ ಮುನ್ನವೇ ಪೆಟ್ರೋಲಿಗೆ ತಿರುಗುತ್ತದೆ, ಆದರೆ ನಿಲ್ಲುವುದಿಲ್ಲ. ಲೀಫ್ ಹೊಗೆಯಿಲ್ಲದೆ ಹೋಗುತ್ತದೆ. ಆದರೆ ಚಾರ್ಜು ಸಾಕಾದೀತೋ ಇಲ್ಲವೋ ಎಂದು ಬೀದರ್ ಕೋಟೆ ಕಾಣುವವರೆಗೆ ಚಾಲಕನ ಜೀವ ಕೈಯಲ್ಲಿರುತ್ತದೆ. ಇದರಲ್ಲಿ ಯಾವುದು ಹೆಚ್ಚು ಹಸಿರು? ತೀರ್ಪುಗಾರರಿಗೂ ಒಮ್ಮತವಿಲ್ಲ. ಅದೇ 2011ರಲ್ಲಿ ಹಲವು ದೇಶಗಳ ಪತ್ರಕರ್ತರು ತೀರ್ಪು ಕೊಡುವ ವರ್ಲ್ಡ್ ಕಾರ್ ಪ್ರಶಸ್ತಿಯವರು ಲೀಫ್‌ಗೆ ವರ್ಷದ ಕಾರು ಎಂಬ ಪಟ್ಟ ಕಟ್ಟಿ, ಹಸಿರು ಕಾರಿನ ಪಟ್ಟವನ್ನು ವೋಲ್ಟ್‌ಗೆ ಕೊಟ್ಟರು. 2017ರಲ್ಲಿ ಅವರು ಬ್ಯಾಟರಿಯಲ್ಲಿ 40 ಕಿ.ಮೀ. ಓಡುವ ಪ್ಲಗ್-ಇನ್ ಹೈಬ್ರಿಡ್ ಟೊಯೊಟಾ ಪ್ರಿಯಸ್ ಪ್ರೈಮನ್ನು ಆರಿಸಿದರೆ, ಗ್ರೀನ್ ಕಾರ್ ಜರ್ನಲ್ 383 ಕಿ.ಮೀ. ಓಡುವ ವಿದ್ಯುತ್ ಕಾರು ಬೋಲ್ಟನ್ನು ಆರಿಸಿತು.

ಹೆಸರಿನ ಜಗಳ ನಮ್ಮದಷ್ಟೇ ಅಲ್ಲ. ವೋಲ್ಟನ್ನು ಹೈಬ್ರಿಡ್ ಎನ್ನಬೇಡಿ, ಅದು ದೂರ ಹೆಚ್ಚಿಸಿದ ವಿದ್ಯುತ್ ಕಾರು ಎಂದು ಅದನ್ನು ತಯಾರಿಸಿದ ಜನರಲ್ ಮೋಟರ್ಸ್ ಹಟ ಹಿಡಿದಿತ್ತು. ಪೆಟ್ರೋಲ್ ಎಂಜಿನ್ ಕರೆಂಟು ಹುಟ್ಟಿಸುವುದಷ್ಟೇ ಅಲ್ಲ, ಕೆಲವು ಸಂದರ್ಭಗಳಲ್ಲಿ ಗಾಲಿ ತಿರುಗಿಸಲೂ ಕೈಜೋಡಿಸುತ್ತದೆ ಎಂದು 2010ರ ಕೊನೆಗೆ ತಿಳಿದಾಗ ದೊಡ್ಡ ಗದ್ದಲವಾಯಿತು.

ಊರಿನ ಹಿರಿಯರೊಬ್ಬರಿಗೆ ಇದನ್ನೆಲ್ಲ ವಿವರಿಸಿದೆ. ‘ಹಾಗಾದರೆ ಅದು ಜೋಡೆತ್ತಿನ ಗಾಡಿ ಅನ್ನಿ’ ಎಂದರು. ಹೈಬ್ರಿಡ್‌ಗೆ ಸೊಗಸಾಗಿ ಹೊಂದುತ್ತದೆ. ಆದರೆ ವೋಲ್ಟ್‌ನಲ್ಲಿ ಬಹುಪಾಲು ಒಂದು ಎತ್ತು ಎಳೆಯುತ್ತದೆ, ಇನ್ನೊಂದು ಅದಕ್ಕೆ ಮೇವು ಹೊರುತ್ತದೆ! ಕೊನೆಗೆ ಪ್ಲಗ್-ಇನ್ ಹೈಬ್ರಿಡ್‌ಗೆ ನಮ್ಮ ಗ್ಯಾರೇಜಿನವನ ‘ಚಾರ್ಜಿನ ಹೈಬ್ರಿಡ್’ ಎಂಬ ಮಾತನ್ನೇ ಇಟ್ಟುಕೊಂಡಿದ್ದೇನೆ. ಪ್ರಶಸ್ತಿಗೆ ‘ವರ್ಷದ ಹಸಿರು ಕಾರು’ ಎಂದೇ ಬರೆದು, ಅದು ಬಣ್ಣವೂ ಅಲ್ಲ, ಪ್ಲೇಟೂ ಅಲ್ಲ ಎಂದು ಒಂದು ಸಾಲು ಸೇರಿಸಿದ್ದೇನೆ. ಇದಕ್ಕಿಂತ ಒಳ್ಳೆಯದು ಹೊಳೆದರೆ ತಿಳಿಸಿ.

ಉಳಿದದ್ದು ಕ್ರಿಯಾಪದ. ನಾವು ಇಲ್ಲಿ ಮೊಬೈಲನ್ನು ‘ಚಾರ್ಜಿಗೆ ಹಚ್ಚುತ್ತೇವೆ’. ಬೆಂಗಳೂರಿನವರು ‘ಚಾರ್ಜಿಗೆ ಹಾಕುತ್ತಾರೆ’. ‘ಹತ್ತು’ ಎಂದರೆ ಅಂಟು, ‘ಹಚ್ಚು’ ಎಂದರೆ ಅಂಟಿಸು. ಪ್ಲಗ್ಗಿಗೆ ಇದಕ್ಕಿಂತ ಸರಿಯಾದ ಪದ ಬೇಕೇ? ಆದರೆ ‘ರಾತ್ರಿ ಕಾರು ಹಚ್ಚಿ ಮಲಗಿದರು’ ಎಂದು ಅಚ್ಚಾದರೆ ಮೈಸೂರಿನ ಓದುಗರು ಅಗ್ನಿಶಾಮಕ ದಳಕ್ಕೆ ಫೋನ್ ಮಾಡಿಯಾರು. ಕರಾವಳಿಯಲ್ಲಿ, ಮಲೆನಾಡಿನಲ್ಲಿ ಏನೆನ್ನುತ್ತೀರಿ?