ಖಂಡಾಂತರವೋ, ಅಂತರಖಂಡವೋ? ಒಂದು ಫುಟ್‌ಬಾಲ್ ಟೂರ್ನಿಯ ಹೆಸರಿನ ಕುರಿತು

ಫುಟ್‌ಬಾಲ್ ನೋಡುವ ನಮ್ಮ ಬಳಗದಲ್ಲಿ ಬಹುಕಾಲದಿಂದ ಬಗೆಹರಿಯದೆ ಉಳಿದಿರುವ ಒಂದು ಪದದ ಪ್ರಶ್ನೆಯನ್ನು ಬಲ್ಲವರ ಮುಂದೆ ಇಡುತ್ತಿದ್ದೇನೆ. ಬೇರೆ ಬೇರೆ ಖಂಡಗಳ ರಾಷ್ಟ್ರೀಯ ತಂಡಗಳನ್ನು ಒಂದೆಡೆ ಸೇರಿಸಿ ಆಡಿಸುವ ಟೂರ್ನಿಯನ್ನು ‘ಖಂಡಾಂತರ ಟೂರ್ನಿ’ ಎನ್ನಬೇಕೋ, ‘ಅಂತರಖಂಡ ಟೂರ್ನಿ’ ಎನ್ನಬೇಕೋ, ಅಥವಾ ಇವೆರಡನ್ನೂ ಬಿಟ್ಟು ಬೇರೆಯೇ ಮಾತನ್ನು ಹುಡುಕಬೇಕೋ ಎಂಬುದು ಪ್ರಶ್ನೆ. ವಾದ ಹುಟ್ಟಿದ್ದು ಕಾನ್ಫೆಡರೇಷನ್ಸ್ ಕಪ್‌ನ ವಿಚಾರದಲ್ಲಿ. 1992ರಲ್ಲಿ ಸೌದಿ ಅರೇಬಿಯಾದಲ್ಲಿ ಕಿಂಗ್ ಫಹದ್ ಕಪ್ ಎಂಬ ಹೆಸರಿನಲ್ಲಿ ನಾಲ್ಕೇ ತಂಡಗಳೊಂದಿಗೆ ಆರಂಭವಾಗಿ, 1997ರಲ್ಲಿ ಫಿಫಾದ ಕೈಗೆ ಬಂದು, ಆರು ವಲಯಗಳ ಚಾಂಪಿಯನ್ನರು, ವಿಶ್ವಕಪ್ ವಿಜೇತರು ಮತ್ತು ಆತಿಥೇಯರು ಸೇರಿ ಎಂಟು ತಂಡಗಳ ಟೂರ್ನಿಯಾಗಿ ಬೆಳೆದ ಇದು 2017ರಲ್ಲಿ ರಷ್ಯಾದಲ್ಲಿ ಕೊನೆಯ ಬಾರಿ ನಡೆಯಿತು. 2019ರಲ್ಲಿ ಫಿಫಾ ಅದನ್ನು ಕೈಬಿಟ್ಟಿತು. ನಿಂತುಹೋದ ಟೂರ್ನಿಗೆ ಈಗೇಕೆ ನಾಮಕರಣ ಎಂದು ಕೇಳುವವರಿಗೆ ನನ್ನ ಉತ್ತರವಿಷ್ಟೆ: ಬ್ರೆಜಿಲ್ ಅದನ್ನು ನಾಲ್ಕು ಸಲ ಗೆದ್ದದ್ದು ದೊಡ್ಡ ಸಾಧನೆಯೋ, ಅಭ್ಯಾಸ ಪಂದ್ಯಗಳ ಗೆಲುವೋ ಎಂದು ಅಭಿಮಾನಿಗಳು ಇಂದಿಗೂ ಜಗಳವಾಡುತ್ತಾರೆ, ಮತ್ತು ಆ ಜಗಳ ಕನ್ನಡದಲ್ಲೂ ನಡೆಯುತ್ತದೆ.

ಮೊದಲು ‘ಖಂಡಾಂತರ’ವನ್ನು ತೆಗೆದುಕೊಳ್ಳೋಣ. ಈ ಪದ ನಮಗೆ ಹೆಚ್ಚಾಗಿ ಪರಿಚಯವಾಗಿರುವುದು ಕ್ಷಿಪಣಿಯ ಸುದ್ದಿಗಳಿಂದ. ‘ಖಂಡಾಂತರ ಕ್ಷಿಪಣಿ’ ಎಂದಾಗ ಯಾರಿಗೂ ಅನುಮಾನ ಬರುವುದಿಲ್ಲ, ಏಕೆಂದರೆ ಅದು ಒಂದು ಖಂಡದಿಂದ ಹೊರಟು ಇನ್ನೊಂದು ಖಂಡವನ್ನು ಮುಟ್ಟುತ್ತದೆ. ಸಮಾಸದ ಉತ್ತರಪದವಾಗಿ ಬರುವ ‘ಅಂತರ’ಕ್ಕೆ ಕನ್ನಡದಲ್ಲಿ ‘ಬೇರೊಂದು’ ಎಂಬ ಅರ್ಥ ಗಟ್ಟಿಯಾಗಿ ನಿಂತಿದೆ. ರೂಪಾಂತರ, ಸ್ಥಳಾಂತರ, ಭಾಷಾಂತರ, ಮತಾಂತರ, ಪಕ್ಷಾಂತರ, ಇವೆಲ್ಲ ಒಂದನ್ನು ಬಿಟ್ಟು ಇನ್ನೊಂದಕ್ಕೆ ಹೋಗುವ ಮಾತುಗಳು. ಊರಿನಲ್ಲಿ ಒಬ್ಬಾತ ‘ದೇಶಾಂತರ ಹೋದ’ ಎಂದರೆ ಅವನು ಎರಡು ದೇಶಗಳ ನಡುವೆ ಸೌಹಾರ್ದ ಪಂದ್ಯವಾಡಲು ಹೋದ ಎಂದು ಯಾರೂ ತಿಳಿಯುವುದಿಲ್ಲ. (‘ಬೆಂಗಳೂರು ಗ್ರಾಮಾಂತರ’ದ ‘ಅಂತರ’ ಈ ಸಾಲಿಗೆ ಸೇರದೆ ತನ್ನದೇ ದಾರಿ ಹಿಡಿದಿದೆ, ಅದರ ಚರ್ಚೆ ಇಲ್ಲಿ ಬೇಡ.) ಹಾಗಿರುವಾಗ ಹಲವು ಖಂಡಗಳ ತಂಡಗಳು ಒಂದೇ ಊರಿಗೆ ಬಂದು ಸೇರುವ ಟೂರ್ನಿಯನ್ನು ‘ಖಂಡಾಂತರ’ ಎಂದು ಕರೆದರೆ, ಪದವು ಸೂಚಿಸುವ ದಾಟುವಿಕೆಗೂ ಟೂರ್ನಿಯಲ್ಲಿ ನಡೆಯುವ ಕೂಡುವಿಕೆಗೂ ತಾಳೆಯಾಗುವುದಿಲ್ಲ ಎಂಬುದು ನನ್ನ ಆಕ್ಷೇಪ.

ಹಾಗಾದರೆ ‘ಅಂತರಖಂಡ’ ಸರಿಯೇ? ಅಂತರ ಕಾಲೇಜು ಕಬಡ್ಡಿ, ಅಂತರ ವಿಶ್ವವಿದ್ಯಾಲಯ ಕ್ರೀಡಾಕೂಟ, ಅಂತರ ಜಿಲ್ಲಾ ಪಂದ್ಯಾವಳಿ ಎಂದು ನಾವು ದಿನವೂ ಬರೆಯುತ್ತೇವೆ, ಓದುತ್ತೇವೆ. ಈ ಮಾದರಿಯಲ್ಲಿ ಪದದ ಅರ್ಥ ಥಟ್ಟನೆ ಹೊಳೆಯುತ್ತದೆ ಎಂಬುದರಲ್ಲಿ ಸಂಶಯವಿಲ್ಲ. ಆದರೆ ಇಲ್ಲಿಗೆ ಬಂದ ಕೂಡಲೇ ಕನ್ನಡದ ಆ ಹಳೆಯ ವ್ಯಾಜ್ಯ ಎದ್ದು ಕೂರುತ್ತದೆ: ಅಂತರರಾಷ್ಟ್ರೀಯವೋ, ಅಂತಾರಾಷ್ಟ್ರೀಯವೋ, ಅಂತರಾಷ್ಟ್ರೀಯವೋ? ಸಂಸ್ಕೃತದ ನಿಯಮದಂತೆ ರೇಫದ, ಅಂದರೆ ‘ರ್’ ಧ್ವನಿಯ, ಮುಂದೆ ರೇಫ ಬಂದಾಗ ಮೊದಲನೆಯದು ಲೋಪವಾಗಿ ಅದರ ಹಿಂದಿನ ಹ್ರಸ್ವ ದೀರ್ಘವಾಗುತ್ತದೆ. ನಿರ್ ಮತ್ತು ರಸ ಸೇರಿ ನೀರಸ, ನಿರ್ ಮತ್ತು ರೋಗ ಸೇರಿ ನೀರೋಗ, ಪುನರ್ ಮತ್ತು ರಚನೆ ಸೇರಿ ಪುನಾರಚನೆ ಆಗುವಂತೆಯೇ ಅಂತರ್ ಮತ್ತು ರಾಷ್ಟ್ರೀಯ ಸೇರಿ ಅಂತಾರಾಷ್ಟ್ರೀಯ ಆಗುತ್ತದೆ. ‘ಅಂತರ’ವನ್ನೇ ಅಕಾರಾಂತ ಪದವಾಗಿ ಹಿಡಿದರೆ ಅಂತರರಾಷ್ಟ್ರೀಯಕ್ಕೂ ಸಮರ್ಥನೆಯಿದೆ. ಮೂರನೆಯ ರೂಪಕ್ಕೆ ಮಾತ್ರ ವ್ಯಾಕರಣದ ಬೆಂಬಲವಿಲ್ಲ. ಆದರೂ ಅಂಗಡಿಯ ಫಲಕದಿಂದ ಆಮಂತ್ರಣ ಪತ್ರಿಕೆಯವರೆಗೆ ಹೆಚ್ಚಾಗಿ ಕಣ್ಣಿಗೆ ಬೀಳುವುದು ಅದೇ.

ಈಗ ‘ಅಂತಾರಾಷ್ಟ್ರೀಯ’ವನ್ನೇ ಪಟ್ಟು ಹಿಡಿದು ಸಮರ್ಥಿಸುವವರಿಗೆ ನನ್ನದೊಂದು ಸವಾಲಿದೆ. ಅದೇ ನಿಷ್ಠೆಯಿಂದ ಅಂತರ್ ಮತ್ತು ಖಂಡಗಳನ್ನು ಕೂಡಿಸಿದರೆ ಏನಾಗಬೇಕು? ಕಕಾರ, ಖಕಾರ, ಪಕಾರಗಳ ಮುಂದೆ ಅಂತರ್ ಎಂಬುದರ ರೇಫ ವಿಸರ್ಗವಾಗುತ್ತದೆ; ಅಂತಃಕರಣ, ಅಂತಃಪುರಗಳು ಹುಟ್ಟಿದ್ದು ಹೀಗೆ. ಆ ಲೆಕ್ಕದಲ್ಲಿ ನಮ್ಮ ಟೂರ್ನಿ ‘ಅಂತಃಖಂಡೀಯ’ ಆಗಬೇಕು. ವ್ಯಾಕರಣಕ್ಕೆ ಚ್ಯುತಿಯಿಲ್ಲದ ಈ ರೂಪವನ್ನು ಓದಿದ ಕನ್ನಡಿಗನಿಗೆ ಮಾತ್ರ ತದ್ವಿರುದ್ಧ ಅರ್ಥ ಹೊಳೆಯುತ್ತದೆ. ಅಂತಃಕಲಹವೆಂದರೆ ಒಳಜಗಳ, ಅಂತೆಯೇ ಅಂತಃಖಂಡೀಯ ಟೂರ್ನಿಯೆಂದರೆ ಒಂದು ಖಂಡದ ಒಳಗೇ ನಡೆಯುವ ಟೂರ್ನಿ, ಅಂದರೆ ಏಷ್ಯಾ ಕಪ್ಪೋ ಕೋಪಾ ಅಮೆರಿಕವೋ ಆಗಿಬಿಡುತ್ತದೆ. ಮೂಲದಲ್ಲೇ ‘ಅಂತರ್’ ಒಳಗು ಎಂಬುದಕ್ಕೂ ನಡುವೆ ಎಂಬುದಕ್ಕೂ ಸಲ್ಲುವ ಮಾತು. ಅಂತರ್ಜಲ ನೆಲದ ಒಳಗಿನದು, ಅಂತರ್ಜಾತೀಯ ವಿವಾಹ ಜಾತಿಗಳ ನಡುವಿನದು. ಯಾವ ಪದದಲ್ಲಿ ಯಾವ ಅರ್ಥ ಎಂಬುದನ್ನು ತೀರ್ಮಾನಿಸಿರುವುದು ಸೂತ್ರವಲ್ಲ, ಬಳಕೆ. ಆದ್ದರಿಂದ ಸಂಧಿ ಮಾಡದೆ, ನಡುವೆ ತೆರಪು ಬಿಟ್ಟು, ‘ಅಂತರ ಖಂಡ’ ಎಂದು ಬರೆಯುವುದು ಮೇಲು ಎನಿಸುತ್ತದೆ. ಆಗಲೂ ಒಂದು ತಮಾಷೆ ತಪ್ಪುವುದಿಲ್ಲ: ಕ್ರೀಡಾಪುಟದಲ್ಲಿ ‘ಅಂತರ’ಕ್ಕೆ ಗೆಲುವು ಸೋಲಿನ ವ್ಯತ್ಯಾಸ ಎಂಬ ಅರ್ಥ ದಿನನಿತ್ಯದ್ದಾಗಿರುವುದರಿಂದ, ‘ಅಂತರ ಖಂಡ ಟೂರ್ನಿಯಲ್ಲಿ 10–0 ಅಂತರದ ಸೋಲು’ ಎಂಬಂಥ ವಾಕ್ಯವನ್ನು ಯಾರಾದರೂ ಬರೆಯಲೇಬೇಕಾಗುತ್ತದೆ.

ಇಷ್ಟರಲ್ಲಿ ಮುಗಿದಿದ್ದರೆ ಪ್ರಶ್ನೆಯನ್ನು ಇಲ್ಲಿಗೆ ತರುತ್ತಿರಲಿಲ್ಲ. ನಿಜವಾದ ತೊಡಕಿರುವುದು ‘ಅಂತರ’ದಲ್ಲಲ್ಲ, ‘ಖಂಡ’ದಲ್ಲಿ. ಶಾಲೆಯ ಭೂಗೋಳದಲ್ಲಿ ಖಂಡಗಳು ಏಳು. ಫಿಫಾದ ಲೆಕ್ಕದಲ್ಲಿ ಆರು. ಅಂಟಾರ್ಕ್ಟಿಕಾದಲ್ಲಿ ತಂಡವಿಲ್ಲ ಎಂಬುದಷ್ಟೇ ಇದಕ್ಕೆ ಕಾರಣವಾಗಿದ್ದರೆ ಚಿಂತೆಯಿರಲಿಲ್ಲ. ಗಯಾನಾ ಮತ್ತು ಸುರಿನಾಮ್ ದಕ್ಷಿಣ ಅಮೆರಿಕದ ನೆಲದಲ್ಲಿದ್ದರೂ ಆಡುವುದು ಉತ್ತರ ಮತ್ತು ಮಧ್ಯ ಅಮೆರಿಕ ಹಾಗೂ ಕೆರಿಬಿಯನ್ ದೇಶಗಳ ಕಾನ್ಕಾಕಾಫ್‌ನಲ್ಲಿ. ಕಜಕಸ್ತಾನ ಏಷ್ಯಾದ ಬಳಗವನ್ನು ಬಿಟ್ಟು 2002ರಲ್ಲಿ ಯುರೋಪಿನ ಬಳಗವನ್ನು ಸೇರಿತು. ಎಪ್ಪತ್ತರ ದಶಕದಲ್ಲಿ ಏಷ್ಯಾದ ಬಳಗದಿಂದ ಹೊರಬಿದ್ದ ಇಸ್ರೇಲ್ 1994ರಲ್ಲಿ ಯುರೋಪಿನ ಪೂರ್ಣ ಸದಸ್ಯನಾಯಿತು. ಎಲ್ಲಕ್ಕಿಂತ ಸೊಗಸಾದ ಉದಾಹರಣೆ ಆಸ್ಟ್ರೇಲಿಯಾದ್ದು. ಅದು 1997, 2001 ಮತ್ತು 2005ರ ಕಾನ್ಫೆಡರೇಷನ್ಸ್ ಕಪ್‌ಗಳಲ್ಲಿ ಓಷಿಯಾನಿಯಾದ ಚಾಂಪಿಯನ್ ಆಗಿ ಆಡಿತ್ತು. 2006ರ ಆರಂಭದಲ್ಲಿ ಏಷ್ಯಾದ ಬಳಗಕ್ಕೆ ಸೇರಿ, 2015ರಲ್ಲಿ ಏಷ್ಯಾ ಕಪ್ ಗೆದ್ದು, 2017ರ ಅದೇ ಕಾನ್ಫೆಡರೇಷನ್ಸ್ ಕಪ್‌ಗೆ ಏಷ್ಯಾದ ಚಾಂಪಿಯನ್ ಎಂಬ ಹೆಗ್ಗಳಿಕೆಯೊಂದಿಗೆ ಬಂದಿತು. ಆ ವರ್ಷ ಓಷಿಯಾನಿಯಾದ ಪರವಾಗಿ ನಿಂತದ್ದು ನ್ಯೂಜಿಲೆಂಡ್. ನೆಲ ಒಂದಿಂಚೂ ಕದಲಲಿಲ್ಲ, ಖಂಡ ಮಾತ್ರ ಬದಲಾಯಿತು. ಪಕ್ಷಾಂತರದ ಮಾದರಿಯಲ್ಲಿ ‘ಖಂಡಾಂತರ’ ಎಂಬ ಮಾತಿಗೆ ಫುಟ್‌ಬಾಲ್‌ನಲ್ಲಿ ಸಾರ್ಥಕವಾದ ಒಂದೇ ಒಂದು ಅರ್ಥವಿದ್ದರೆ ಅದು ಇದೇ ಎಂದು ನಾನು ವಾದಿಸಬಲ್ಲೆ: ‘2006ರಲ್ಲಿ ಆಸ್ಟ್ರೇಲಿಯಾ ಖಂಡಾಂತರ ಮಾಡಿತು.’

ನಮ್ಮ ದೇಶದ್ದೇ ಒಂದು ನಿದರ್ಶನವೂ ಇದೆ. ಭಾರತದಲ್ಲಿ 2018ರಿಂದ ನಡೆದ ಇಂಟರ್‌ಕಾಂಟಿನೆಂಟಲ್ ಕಪ್‌ನ ಮೊದಲ ಆವೃತ್ತಿಗೆ ಮುಂಬೈಯಲ್ಲಿ ಭಾರತ, ಕೆನ್ಯಾ, ನ್ಯೂಜಿಲೆಂಡ್ ಮತ್ತು ಚೈನೀಸ್ ತೈಪೆ ತಂಡಗಳು ಸೇರಿದ್ದವು. ಖಾಲಿ ಕ್ರೀಡಾಂಗಣವನ್ನು ಕಂಡು ನಾಯಕ ಸುನಿಲ್ ಚೆಟ್ರಿ, ನಮ್ಮನ್ನು ಬಯ್ಯಲಾದರೂ ಬನ್ನಿ ಎಂದು ವಿಡಿಯೊದಲ್ಲಿ ಕೈಮುಗಿದು ಬೇಡಿಕೊಂಡದ್ದೂ, ಫೈನಲ್‌ನಲ್ಲಿ ಕೆನ್ಯಾ ವಿರುದ್ಧ ಎರಡೂ ಗೋಲುಗಳನ್ನು ಅವರೇ ಹೊಡೆದದ್ದೂ ಆಗಲೇ. ಬೆಂಗಳೂರು ಎಫ್‌ಸಿಯ ಆಟಗಾರ ಎಂಬ ಕಾರಣಕ್ಕೆ ಕಂಠೀರವದ ಪ್ರೇಕ್ಷಕರಿಗೆ ಆ ಮನವಿ ಮನೆಯವರ ಮಾತಿನಂತೆಯೇ ಕೇಳಿಸಿತ್ತು. ಆ ಸಲ ಮೂರು ಖಂಡಗಳ ತಂಡಗಳಿದ್ದುದರಿಂದ ಹೆಸರಿಗೆ ಭಂಗವಿರಲಿಲ್ಲ. ಮರುವರ್ಷ ಅಹಮದಾಬಾದಿನಲ್ಲಿ ನಡೆದಾಗ ಬಂದವರು ಉತ್ತರ ಕೊರಿಯಾ, ಸಿರಿಯಾ ಮತ್ತು ತಜಿಕಿಸ್ತಾನ. ಭಾರತವೂ ಸೇರಿ ನಾಲ್ಕೂ ಏಷ್ಯಾದವೇ! ವರದಿಗಾರರು ಹೆಸರನ್ನು ಇಂಗ್ಲಿಷಿನಲ್ಲೇ ಉಳಿಸಿಕೊಂಡಿದ್ದರೆ ಅದು ಸೋಮಾರಿತನವಲ್ಲ, ಜಾಣತನ. ಕನ್ನಡಕ್ಕೆ ತಂದಿದ್ದರೆ ಆ ಆವೃತ್ತಿಗೆ ಸಲ್ಲುತ್ತಿದ್ದುದು ನಾನು ಮೇಲೆ ಗೇಲಿ ಮಾಡಿದ ‘ಅಂತಃಖಂಡೀಯ’ ಎಂಬ ಪದವೇ.

ಈ ಎಲ್ಲ ಕಾರಣಗಳಿಂದ ಕಾನ್ಫೆಡರೇಷನ್ಸ್ ಕಪ್‌ನ ಮಟ್ಟಿಗೆ ‘ಖಂಡ’ವನ್ನು ಕೈಬಿಟ್ಟು ‘ಒಕ್ಕೂಟಗಳ ಕಪ್’ ಎನ್ನುವುದು ಉತ್ತಮ ಎಂಬ ಕಡೆಗೆ ನಾನು ವಾಲಿದ್ದೇನೆ. ಮೂಲದ ಹೆಸರು ಹೇಳುವುದೂ ಖಂಡಗಳನ್ನಲ್ಲ, ಫುಟ್‌ಬಾಲ್ ಸಂಸ್ಥೆಗಳ ಕೂಟಗಳನ್ನು. ಬಳಗದಲ್ಲಿ ಇದಕ್ಕೆ ಬಂದ ವಿರೋಧವೆಂದರೆ, ‘ಒಕ್ಕೂಟ’ವನ್ನು ನಾವು ಯೂನಿಯನ್, ಫೆಡರೇಷನ್, ಕಾನ್ಫೆಡರೇಷನ್ ಮೂರಕ್ಕೂ ಬಳಸುತ್ತೇವೆ, ಹಾಗಾಗಿ ಫಿಫಾವೂ ಒಕ್ಕೂಟ, ಅದರ ಕೆಳಗಿನವೂ ಒಕ್ಕೂಟಗಳಾಗಿ ಗೊಂದಲವಾಗುತ್ತದೆ ಎಂಬುದು. ಆದರೆ ಮೇಲುಕೆಳಗಿನ ಮೂರು ಹಂತಗಳಿಗೆ ಮೂರು ಮಾತುಗಳನ್ನು ಕರ್ನಾಟಕದ ಹಳ್ಳಿಗಳು ಎಂದೋ ಕಲಿತಿವೆ: ಊರಿನ ಮಟ್ಟದಲ್ಲಿ ಹಾಲು ಉತ್ಪಾದಕರ ಸಂಘ, ಅದರ ಮೇಲೆ ಜಿಲ್ಲಾ ಹಾಲು ಒಕ್ಕೂಟ, ಎಲ್ಲಕ್ಕೂ ಮೇಲೆ ಕೆಎಂಎಫ್ ಎಂಬ ಮಹಾಮಂಡಳ. ದೇಶವೊಂದರ ಫುಟ್‌ಬಾಲ್ ಸಂಸ್ಥೆ ಸಂಘದ ಸ್ಥಾನದಲ್ಲೂ, ಏಷ್ಯಾದ ಎಎಫ್‌ಸಿ, ಯುರೋಪಿನ ಯುಇಎಫ್‌ಎ ಮೊದಲಾದವು ಒಕ್ಕೂಟದ ಸ್ಥಾನದಲ್ಲೂ, ಫಿಫಾ ಮಹಾಮಂಡಳದ ಸ್ಥಾನದಲ್ಲೂ ಕುಳಿತರೆ ಯಾರ ಹೆಸರೂ ಯಾರಿಗೂ ಅಡ್ಡ ಬರುವುದಿಲ್ಲ. ಎಚ್ಚರಿಕೆ ಬೇಕಾದ ಜಾಗ ಒಂದೇ. ‘ಐರೋಪ್ಯ ಒಕ್ಕೂಟ’ ಎಂಬ ಮಾತನ್ನು 27 ದೇಶಗಳ ರಾಜಕೀಯ ಕೂಟವು ಮೊದಲೇ ಹಿಡಿದುಕೊಂಡಿರುವುದರಿಂದ, 55 ಸದಸ್ಯರಿರುವ ಯುಇಎಫ್‌ಎಯನ್ನು ‘ಐರೋಪ್ಯ ಫುಟ್‌ಬಾಲ್ ಒಕ್ಕೂಟ’ ಎಂದು ಪೂರ್ತಿಯಾಗಿಯೇ ಹೇಳಬೇಕು. ಇಲ್ಲದಿದ್ದರೆ ಬ್ರೆಕ್ಸಿಟ್ ಆದ ಮೇಲೂ ಇಂಗ್ಲೆಂಡ್ ಹೇಗೆ ಯೂರೊ ಕಪ್ ಆಡುತ್ತಿದೆ ಎಂದು ಯಾರಾದರೂ ಕೇಳುತ್ತಾರೆ.

ಇಂಗ್ಲೆಂಡಿನ ಮಾತು ಬಂದದ್ದರಿಂದ ‘ರಾಷ್ಟ್ರೀಯ ತಂಡ’ದ ಬಗ್ಗೆಯೂ ಒಂದು ಮಾತು. ವಿಶ್ವಸಂಸ್ಥೆಯ ಸದಸ್ಯರು 193, ಫಿಫಾದ ಸದಸ್ಯರು 211. ಇಂಗ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್, ಉತ್ತರ ಐರ್ಲೆಂಡ್ ನಾಲ್ಕಕ್ಕೂ ಬೇರೆ ಬೇರೆ ತಂಡಗಳಿವೆ. 2013ರ ಒಕ್ಕೂಟಗಳ ಕಪ್‌ಗೆ ಓಷಿಯಾನಿಯಾದ ಚಾಂಪಿಯನ್ ಆಗಿ ಬ್ರೆಜಿಲ್‌ಗೆ ಬಂದ ತಾಹಿತಿಯು ಸ್ವತಂತ್ರ ರಾಷ್ಟ್ರವಲ್ಲ. ಅದು ಫ್ರಾನ್ಸಿಗೆ ಸೇರಿದ ಫ್ರೆಂಚ್ ಪಾಲಿನೇಷ್ಯಾದ ದ್ವೀಪ. ನೈಜೀರಿಯಾ ವಿರುದ್ಧ 6–1ರಿಂದ, ಸ್ಪೇನ್ ವಿರುದ್ಧ 10–0ಯಿಂದ, ಉರುಗ್ವೆ ವಿರುದ್ಧ 8–0ಯಿಂದ ಸೋತ ಆ ತಂಡ, ಜೊನಾಥನ್ ತೆಹಾವು ಕಾರ್ನರ್ ಕಿಕ್‌ನಿಂದ ಬಂದ ಚೆಂಡಿಗೆ ತಲೆಕೊಟ್ಟು ಹೊಡೆದ ಆ ಒಂದೇ ಗೋಲಿಗೆ ಮೈದಾನದಲ್ಲೇ ಸಾಲಾಗಿ ಕುಳಿತು ದೋಣಿಗೆ ಹುಟ್ಟು ಹಾಕುವಂತೆ ಕೈಬೀಸಿ ಸಂಭ್ರಮಿಸಿದ್ದನ್ನು ನೋಡಿದವರು ಮರೆತಿರಲಾರರು. ಅದನ್ನು ‘ರಾಷ್ಟ್ರೀಯ ತಂಡ’ ಎನ್ನಲು ಕಾನೂನು ಅಡ್ಡಬಂದರೆ ‘ನಾಡಿನ ತಂಡ’ ಎನ್ನಬಹುದೆಂದು ಒಬ್ಬರು ಸೂಚಿಸಿದರು. ಪದ ಚೆನ್ನಾಗಿದೆ, ಆದರೆ ‘ನಾಡು’ ಎಂದೊಡನೆ ಕನ್ನಡಿಗರ ಮನಸ್ಸು ಸಂತೋಷ್ ಟ್ರೋಫಿಯಲ್ಲಿ ಆಡುವ ಕರ್ನಾಟಕದ ಕಡೆಗೆ ಓಡುವುದರಿಂದ ಬಳಕೆಯಲ್ಲಿ ನಿಲ್ಲುವುದು ಕಷ್ಟ. ‘ದೇಶ’ ಎಂಬ ಮಾತಿಗೆ ಪ್ರದೇಶ ಎಂಬ ಹಳೆಯ ಅರ್ಥವೂ ಇರುವುದರಿಂದ ನಾನು ‘ದೇಶದ ತಂಡ’ವನ್ನೇ ಬಳಸುತ್ತೇನೆ.

ಇನ್ನು ಉಳಿದಿರುವುದು ವಿಶ್ವಕಪ್ ಅರ್ಹತೆಯ ಕೊನೆಯ ಹಂತದಲ್ಲಿ ಬೇರೆ ಬೇರೆ ಒಕ್ಕೂಟಗಳ ತಂಡಗಳು ಎದುರಾಗುವ ಪ್ಲೇಆಫ್. 2022ರ ಜೂನ್‌ನಲ್ಲಿ ಆಸ್ಟ್ರೇಲಿಯಾದ ಬದಲಿ ಗೋಲ್‌ಕೀಪರ್ ಆಂಡ್ರ್ಯೂ ರೆಡ್‌ಮೇನ್ ಗೋಲುಗೆರೆಯ ಮೇಲೆ ಕುಣಿದು ಕುಪ್ಪಳಿಸಿ ಪೆರುವಿನ ಪೆನಾಲ್ಟಿಯನ್ನು ತಡೆದದ್ದು ಇಂಥದೇ ಪಂದ್ಯದಲ್ಲಿ. ಇದಕ್ಕೆ ‘ಅಂತರ ಒಕ್ಕೂಟ ಪ್ಲೇಆಫ್’ ಎಂದರೆ ಅರ್ಥ ಸರಿಯಾಗುತ್ತದೆ, ನಾಲಿಗೆಗೆ ಮಾತ್ರ ತುಸು ಭಾರ. ‘ಒಕ್ಕೂಟಗಳ ನಡುವಿನ ಪ್ಲೇಆಫ್’ ಎಂದು ಬಿಡಿಸಿ ಹೇಳಿದರೆ ಸರಾಗ, ಆದರೆ ತಲೆಬರಹಕ್ಕೆ ಉದ್ದವಾಯಿತು ಎಂದು ಸುದ್ದಿಮನೆಯವರು ಗೊಣಗಬಹುದು. ಇದಕ್ಕಿಂತ ಚಿಕ್ಕದಾದ ಮಾತು ಹೊಳೆದವರು ತಿಳಿಸಬೇಕು. ಜೊತೆಗೆ, ಎಂಬತ್ತು–ತೊಂಬತ್ತರ ದಶಕಗಳ ಕನ್ನಡ ಕ್ರೀಡಾ ಪತ್ರಿಕೆಗಳನ್ನು ಕಾಪಿಟ್ಟವರು ಯಾರಾದರೂ ಇದ್ದರೆ, ಯುರೋಪ್ ಮತ್ತು ದಕ್ಷಿಣ ಅಮೆರಿಕದ ಚಾಂಪಿಯನ್ ಕ್ಲಬ್‌ಗಳ ನಡುವೆ 1960ರಿಂದ 2004ರವರೆಗೆ ನಡೆದ ಇಂಟರ್‌ಕಾಂಟಿನೆಂಟಲ್ ಕಪ್ ಅನ್ನು ಅಂದಿನವರು ಕನ್ನಡದಲ್ಲಿ ಏನೆಂದು ಬರೆದಿದ್ದಾರೆಂದು ನೋಡಿ ಹೇಳುವ ಕೃಪೆ ಮಾಡಬೇಕು. ‘ಖಂಡಾಂತರ ಕಪ್’ ಎಂಬ ರೂಪ ಆಗಲೇ ಅಚ್ಚಾಗಿ ಓದುಗರ ಬಾಯಲ್ಲಿ ನಿಂತಿದ್ದರೆ, ಮೇಲೆ ನಾನು ಹೂಡಿದ ಅರ್ಧ ವಾದವನ್ನು ಹಿಂದಕ್ಕೆ ಪಡೆಯಬೇಕಾಗುತ್ತದೆ.