ಫಿಲಿಪೀನ್ಸ್‌ನ ಮೊದಲ ಕೆಳಮನೆ ಶಾಲೆಗಳ ಮಸೂದೆಯಿಂದಲೇ ಆರಂಭಿಸಿದ್ದೇಕೆ?

ಪ್ರಶ್ನೆ: ಕೋಥ್ರೂಡ್, ಪುಣೆ

ಮಾನ್ಯರೇ, ಹಿಂಜವಡಿಯ ನಮ್ಮ ಕಚೇರಿಯೊಂದಿಗೆ ಮನಿಲಾದ ತಂಡವೊಂದು ಕೆಲಸ ಮಾಡುತ್ತಿದೆ. ಅಲ್ಲಿಯ ಸಹೋದ್ಯೋಗಿಯೊಬ್ಬರು ಕಳೆದ ವಾರ ತಾವು ಓದಿದ ಹಳ್ಳಿಶಾಲೆಯ ಫೋಟೊ ತೋರಿಸಿದರು. ನೆಲಮಟ್ಟಕ್ಕಿಂತ ಎತ್ತರಿಸಿ ಕಟ್ಟಿದ ಕಟ್ಟಡ, ಎತ್ತರವಾದ ಸೂರು, ಗೋಡೆಯುದ್ದಕ್ಕೂ ಅಗಲವಾದ ಜಾರುಕಿಟಕಿಗಳು, ಅವುಗಳಲ್ಲಿ ಗಾಜಿಗೆ ಬದಲಾಗಿ ಬೆಳಕು ತೂರಿ ಬರುವಂಥ ತೆಳು ಚಿಪ್ಪಿನ ಬಿಲ್ಲೆಗಳು. ಇಂಥ ಶಾಲೆಗೆ ಅವರಲ್ಲಿ ‘ಗಬಾಲ್ಡನ್’ ಎಂದೇ ಹೆಸರಂತೆ. ಹುಡುಕಿ ನೋಡಿದಾಗ, ಅದು 1907ರ ಫಿಲಿಪೀನ್ ಅಸೆಂಬ್ಲಿಯ ಸದಸ್ಯ ಇಸೌರೊ ಗಬಾಲ್ಡನ್ ಅವರ ಹೆಸರೆಂದೂ, ಹಳ್ಳಿಶಾಲೆಗಳಿಗೆ 10 ಲಕ್ಷ ಪೆಸೊ ಒದಗಿಸಿದ ಅವರ ಮಸೂದೆಯೇ ಆ ಸಭೆ ಅಂಗೀಕರಿಸಿದ ಮೊದಲ ಮಸೂದೆಯೆಂದೂ ತಿಳಿಯಿತು. ನಾನು ಡೆಕ್ಕನ್ ಕಡೆಗೆ ಹೋಗುವಾಗಲೆಲ್ಲ ಗೋಖಲೆಯವರು 1905ರಲ್ಲಿ ಸ್ಥಾಪಿಸಿದ ಭಾರತ ಸೇವಕ ಸಮಾಜದ ಆವರಣವನ್ನು ಹಾಯ್ದು ಹೋಗುತ್ತೇನೆ. ಅವರ ಪ್ರಾಥಮಿಕ ಶಿಕ್ಷಣ ಮಸೂದೆ 1912ರಲ್ಲಿ ಬಿದ್ದುಹೋಯಿತು. ಅಮೆರಿಕದ ಆಳ್ವಿಕೆಯಲ್ಲಿದ್ದ ಫಿಲಿಪೀನ್ಸ್‌ನವರೂ ಪರಾಧೀನರು, ನಾವೂ ಪರಾಧೀನರು. ಹಾಗಿದ್ದ ಮೇಲೆ ಅಲ್ಲಿ ಆದದ್ದು ಇಲ್ಲಿ ಏಕೆ ಆಗಲಿಲ್ಲ?

ಉತ್ತರ: ಮಾಟುಂಗಾ, ಮುಂಬಯಿ (ನಿವೃತ್ತ ಇತಿಹಾಸ ಶಿಕ್ಷಕ)

ಎರಡು ಸಭೆಗಳ ರಚನೆಯಲ್ಲೇ ಇದಕ್ಕೆ ಉತ್ತರವಿದೆ. ಅಮೆರಿಕದ ಕಾಂಗ್ರೆಸ್ 1902ರ ಜುಲೈ 1ರಂದು ಮಾಡಿದ ಕಾಯ್ದೆಯ ಪ್ರಕಾರ, ಜನಗಣತಿ ಪ್ರಕಟವಾಗಿ ಎರಡು ವರ್ಷ ಶಾಂತಿ ನೆಲೆಸಿದ್ದರೆ ಫಿಲಿಪೀನ್ಸ್‌ನಲ್ಲಿ ಚುನಾಯಿತ ಸಭೆಯೊಂದು ಏರ್ಪಡಬೇಕಿತ್ತು. ಗಣತಿ 1905ರಲ್ಲಿ ಪ್ರಕಟವಾಯಿತು. 1907ರ ಜುಲೈ 30ರಂದು 80 ಸ್ಥಾನಗಳಿಗೆ ಚುನಾವಣೆ ನಡೆದು, ಅಕ್ಟೋಬರ್ 16ರಂದು ಮನಿಲಾದ ಗ್ರ್ಯಾಂಡ್ ಒಪೆರಾ ಹೌಸ್‌ನಲ್ಲಿ, ಅಂದಿನ ಅಮೆರಿಕದ ಯುದ್ಧ ಸಚಿವ ಟಾಫ್ಟ್ ಅವರ ಸಮ್ಮುಖದಲ್ಲಿ ಸಭೆ ಉದ್ಘಾಟನೆಯಾಯಿತು. ಅದು ಕೆಳಮನೆ. ನೇಮಕಗೊಂಡ ಫಿಲಿಪೀನ್ ಕಮಿಷನ್ನೇ ಮೇಲ್ಮನೆ, ಅಲ್ಲಿ ಬಹುಮತ ಅಮೆರಿಕನ್ನರದು. ಆದರೆ ಕೆಳಮನೆಯಲ್ಲಿ ಕುಳಿತವರೆಲ್ಲರೂ ಚುನಾಯಿತರು. ಅವರು ತಮ್ಮೊಳಗಿಂದಲೇ ಸೆಬುವಿನ ಸೆರ್ಹಿಯೊ ಒಸ್ಮೇನ್ಯಾ ಎಂಬ 29 ವರ್ಷದ ತರುಣನನ್ನು ಸ್ಪೀಕರ್ ಆಗಿ ಆರಿಸಿಕೊಂಡರು. ನಮ್ಮ ಕೇಂದ್ರ ಶಾಸನಸಭೆಗೆ ಚುನಾಯಿತ ಭಾರತೀಯ ಅಧ್ಯಕ್ಷರೊಬ್ಬರು, ಎಂದರೆ ವಿಠ್ಠಲಭಾಯಿ ಪಟೇಲರು, ಬಂದದ್ದು 1925ರಲ್ಲಿ ಎಂಬುದನ್ನು ನೆನೆದರೆ ಈ ಅಂತರ ಅರ್ಥವಾಗುತ್ತದೆ.

ಗೋಖಲೆಯವರಿದ್ದ ಸಾಮ್ರಾಜ್ಯ ಶಾಸನ ಪರಿಷತ್ತಿನಲ್ಲಿ 1909ರ ಸುಧಾರಣೆಯ ನಂತರವೂ ಸರ್ಕಾರಿ ಅಧಿಕಾರಿಗಳ ಬಹುಮತವನ್ನು ಉಳಿಸಿಕೊಳ್ಳಲಾಗಿತ್ತು. ಅವರು 1911ರ ಮಾರ್ಚ್ 16ರಂದು ಮಂಡಿಸಿದ ಮಸೂದೆಯು ಆರರಿಂದ ಹತ್ತು ವರ್ಷದ ಗಂಡುಮಕ್ಕಳಿಗೆ ಶಿಕ್ಷಣವನ್ನು ಕಡ್ಡಾಯಗೊಳಿಸುವ ಅಧಿಕಾರವನ್ನು ಸ್ಥಳೀಯ ಸಂಸ್ಥೆಗಳಿಗೆ ಕೊಡಬೇಕೆಂದಷ್ಟೇ ಕೇಳುತ್ತಿತ್ತು. ಅಷ್ಟಕ್ಕೂ ಮರುವರ್ಷ 13 ಮತ ಪರವಾಗಿ, 38 ವಿರುದ್ಧವಾಗಿ ಬಿದ್ದವು. ಸೋಲು ಖಚಿತವೆಂದು ತಿಳಿದೇ ಗೋಖಲೆ ಆ ಮಸೂದೆಯನ್ನು ಮತಕ್ಕೆ ಹಾಕಿಸಿದರೆಂಬುದು ನನ್ನ ಎಣಿಕೆ.

ಉತ್ತರ: ಠಾಣೆ

ಮೇಷ್ಟ್ರ ಮಾತನ್ನು ಒಪ್ಪುತ್ತಲೇ ಒಂದು ತಕರಾರು ಎತ್ತುತ್ತೇನೆ. ಆ ಕೆಳಮನೆಯನ್ನು ನಾವು ಅಗತ್ಯಕ್ಕಿಂತ ಹೆಚ್ಚು ಹೊಗಳುತ್ತಿದ್ದೇವೆ. ಸಭೆ ಆಯವ್ಯಯವನ್ನು ತಡೆಹಿಡಿದರೆ ಹಿಂದಿನ ವರ್ಷದ ಅನುದಾನವೇ ತಾನಾಗಿ ಮುಂದುವರಿಯುತ್ತಿತ್ತು, ಆದ್ದರಿಂದ ಹಣದ ಮೇಲಿನ ಹಿಡಿತ ಬಹುಮಟ್ಟಿಗೆ ಹೆಸರಿಗಷ್ಟೇ. ಮೋರೊಗಳ (ದಕ್ಷಿಣದ ದ್ವೀಪಗಳ ಮುಸ್ಲಿಮರ) ಮತ್ತು ಕ್ರೈಸ್ತರಲ್ಲದ ಬುಡಕಟ್ಟುಗಳ ಪ್ರದೇಶಕ್ಕೆ ಅದರ ಕಾನೂನು ಮುಟ್ಟುತ್ತಿರಲಿಲ್ಲ. ಮತ ಹಾಕಿದವರು ಸುಮಾರು 1 ಲಕ್ಷ ಮಂದಿ; ಅವರೆಲ್ಲ 23 ವರ್ಷ ದಾಟಿದ ಗಂಡಸರು, ಅದರಲ್ಲೂ ಆಸ್ತಿಯುಳ್ಳವರು, ಹಿಂದೆ ಸ್ಥಳೀಯ ಅಧಿಕಾರದಲ್ಲಿದ್ದವರು, ಇಲ್ಲವೇ ಇಂಗ್ಲಿಷನ್ನೋ ಸ್ಪ್ಯಾನಿಷನ್ನೋ ಓದಿ ಬರೆಯಬಲ್ಲವರು. ತಗಾಲೊಗ್ ಅಥವಾ ಇಲೊಕಾನೊ ಮಾತ್ರ ಬಲ್ಲವನ ಅಕ್ಷರಜ್ಞಾನ ಲೆಕ್ಕಕ್ಕೇ ಬರಲಿಲ್ಲ. ಇನ್ನು ಶಾಲೆಗಳ ವಿಷಯ: ಇಂಗ್ಲಿಷ್ ಕಲಿಸುವ ಶಾಲೆಗಳು ಅಮೆರಿಕನ್ನರಿಗೂ ಬೇಕಾಗಿದ್ದವು. ಎರಡೂ ಮನೆಗಳಿಗೆ ರುಚಿಸುವ ವಿಷಯವನ್ನೇ ಗಬಾಲ್ಡನ್ ಮುಂದಿಟ್ಟರು, ಅದು 1907ರ ಡಿಸೆಂಬರ್‌ನಲ್ಲೇ 1801ನೆಯ ಕಾಯ್ದೆಯಾಯಿತು. ಜಾಣತನ ಅವರದು, ಅನುಮಾನವಿಲ್ಲ. ಆದರೆ ಅದನ್ನು ಸಭೆಯ ಬಲವೆಂದು ಎಣಿಸಲಾಗದು.

ನಮ್ಮ ಕಡೆಯ ಕಥೆಯೂ 1912ಕ್ಕೆ ಮುಗಿಯಲಿಲ್ಲ. ಅದೇ ವಿಠ್ಠಲಭಾಯಿಯವರು ಮುಂಬಯಿ ಶಾಸನ ಪರಿಷತ್ತಿನಲ್ಲಿ ತಂದ ಪ್ರಾಥಮಿಕ ಶಿಕ್ಷಣ ಮಸೂದೆ 1918ರಲ್ಲಿ ಕಾಯ್ದೆಯಾಗಿ, ಪುರಸಭೆಗಳಿಗೆ ಕಡ್ಡಾಯ ಶಿಕ್ಷಣ ಜಾರಿಗೊಳಿಸುವ ಅಧಿಕಾರ ಕೊಟ್ಟಿತು. ಧಾರವಾಡ, ಬೆಳಗಾವಿ, ವಿಜಾಪುರಗಳೂ ಆಗ ಈ ಪ್ರಾಂತ್ಯದಲ್ಲೇ ಇದ್ದವೆಂಬುದನ್ನು ಇಲ್ಲಿರುವ ನಮ್ಮವರೇ ಮರೆಯುತ್ತಾರೆ.

ಉತ್ತರ: ಮಡಗಾಂವ್, ಗೋವಾ

ಆ ಚಿಪ್ಪಿನ ಕಿಟಕಿ ನೋಡಲು ಮನಿಲಾದವರೆಗೆ ಹೋಗಬೇಕಾಗಿಲ್ಲ. ಇಲ್ಲಿಯ ಹಳೆಯ ಮನೆಗಳಲ್ಲೂ ಅದೇ ಜಾತಿಯ ಸಿಂಪಿಯ ಬಿಲ್ಲೆಗಳನ್ನು ಮರದ ಚೌಕಟ್ಟಿಗೆ ಕೂರಿಸಿರುತ್ತಾರೆ. ಹೋಲಿಕೆ ಅಲ್ಲಿಗೇ ಮುಗಿಯುವುದಿಲ್ಲ. ಗೋವಾದ ಬೆರ್ನಾರ್ದೊ ಪೆರಿಸ್ ದ ಸಿಲ್ವಾ 1822ರಲ್ಲಿ ಲಿಸ್ಬನ್ನಿನ ಸಂಸತ್ತಿಗೆ ಆರಿಸಿಬಂದರು. ಅದಕ್ಕೂ ಮುಂಚೆ, ಆಗ ಸ್ಪೇನಿನ ವಶದಲ್ಲಿದ್ದ ಫಿಲಿಪೀನ್ಸ್‌ನ ವರ್ತಕ ವೆಂಚುರಾ ದೆ ಲೊಸ್ ರೆಯೆಸ್ ಸ್ಪೇನಿನ ಕಾದಿಸ್ ಸಭೆಯಲ್ಲಿ ಕುಳಿತು 1812ರ ಸಂವಿಧಾನಕ್ಕೆ ಸಹಿ ಹಾಕಿದ್ದರು. ಸ್ಪೇನ್ 1837ರಲ್ಲಿ ಆ ಪ್ರಾತಿನಿಧ್ಯವನ್ನೇ ಕಿತ್ತುಕೊಂಡಿತು. ಪರದೇಶದ ಸಂಸತ್ತಿನ ಕುರ್ಚಿಗೆ ಹೋಲಿಸಿದರೆ ಸ್ವಂತ ಊರಿನ ಅರೆಬಲದ ಕೆಳಮನೆಯೇ ಮೇಲೆಂದು ನನಗೆ ತೋರುತ್ತದೆ.

ಉತ್ತರ: ಮಾಟುಂಗಾ, ಮುಂಬಯಿ

ಠಾಣೆಯವರ ತಕರಾರು ನ್ಯಾಯವಾದದ್ದೇ. ಆಯವ್ಯಯದ ಆ ನಿಯಮವನ್ನು ನಾನೇ ಹೇಳಬೇಕಾಗಿತ್ತು. ಗೋವಾದವರು ಹೇಳಿದ ಎರಡೂ ಬಗೆಯ ಕುರ್ಚಿಗಳಲ್ಲಿ ಗಬಾಲ್ಡನ್ ಕುಳಿತರು. ಅಮೆರಿಕವು 1916ರಲ್ಲಿ ಕಮಿಷನ್ನಿನ ಬದಲಿಗೆ 24 ಸದಸ್ಯರ ಸೆನೆಟ್ ಏರ್ಪಡಿಸಿ, ಅಸೆಂಬ್ಲಿಯನ್ನು ಪ್ರತಿನಿಧಿ ಸಭೆಯಾಗಿಸಿದಾಗ ಅವರು ಆ ಸೆನೆಟ್ಟಿಗೆ ಹೋದರು. ಮುಂದೆ 1920ರಿಂದ 1928ರವರೆಗೆ ರೆಸಿಡೆಂಟ್ ಕಮಿಷನರ್ (ಎಂದರೆ ಫಿಲಿಪೀನ್ಸ್‌ನ ಪ್ರತಿನಿಧಿ) ಆಗಿ ವಾಷಿಂಗ್ಟನ್ನಿನ ಕೆಳಮನೆಯಲ್ಲಿದ್ದರು. ಅಲ್ಲಿ ಅವರಿಗೆ ಮಾತಾಡುವ ಹಕ್ಕಿತ್ತು, ಮತ ಹಾಕುವ ಹಕ್ಕಿರಲಿಲ್ಲ.