ನರ್ಸಿಂಗ್ ಬ್ಯಾಚ್ ಗ್ರೂಪಲ್ಲಿ ಸಮೋವಾ ಜಗಳ

ಹರೀಶ: (ಫಾರ್ವರ್ಡ್) 👇 ಕೇವಲ 2 ಲಕ್ಷ ಜನ ಇರೋ ಪೆಸಿಫಿಕ್ ದ್ವೀಪದೇಶ ಸಮೋವಾದಲ್ಲಿ 2019ರಲ್ಲಿ ದಡಾರಕ್ಕೆ 83 ಸಾವು!! ಡಬ್ಲ್ಯೂಎಚ್‌ಒ, ಯುನಿಸೆಫ್ ಏನ್ ಕತ್ತೆ ಕಾಯ್ತಿದ್ವಾ? ಎಲ್ಲರಿಗೂ ಕಳಿಸಿ 🙏

ಹರೀಶ: ನೋಡ್ರಪ್ಪ, ನಮ್ಮ ಒಂದು ತಾಲೂಕಿನಷ್ಟು ಜನ, ಅಷ್ಟನ್ನೂ ಕಾಯಕ್ಕಾಗ್ಲಿಲ್ಲ ಇವ್ರಿಗೆ. ಎಸಿ ರೂಮಲ್ಲಿ ಮೀಟಿಂಗ್ ಮಾಡೋದೊಂದು ಗೊತ್ತು

ಸುಮಾ: ಬೆಳಬೆಳಗ್ಗೆ ಶುರು ಹಚ್ಕೊಂಡ ಇವ್ನು 😤 ಲಸಿಕೆ ಬಿದ್ದಿರ್ಲಿಲ್ಲ ಕಣೋ, ಅದಕ್ಕೆ ಹೋದ್ವು ಮಕ್ಳು. 2018ರಲ್ಲಿ ಅಲ್ಲಿ ದಡಾರದ ಲಸಿಕೆ ಆಗಿದ್ದ ಕೂಸುಗಳು ಬರೀ 31%. ಅದೇ ಟೈಮಲ್ಲಿ ಅಕ್ಕಪಕ್ಕದ ದ್ವೀಪದೇಶ ಟೋಂಗಾಗೂ ಬಂತು ಫಿಜಿಗೂ ಬಂತು, ಅಲ್ಲಿ ಹಾಕ್ಸಿದ್ರು, ಒಂದೂ ಸಾವಿಲ್ಲ

ಹರೀಶ: ನಾನ್ ಕೇಳ್ತಿರೋದೂ ಅದೇ ಕಣೇ. 31%ಗೆ ಇಳಿಯೋ ತನಕ ಸಮೋವಾ ರಾಜಧಾನಿ ಆಪಿಯಾದಲ್ಲಿ ಬೋರ್ಡ್ ಹಾಕ್ಕೊಂಡು ಆಫೀಸ್ ಇಟ್ಕೊಂಡಿರೋರು ಏನ್ ಮಾಡ್ತಿದ್ರು?

ಜೆಸಿಂತಾ: ನೈಟ್ ಡ್ಯೂಟಿ ಮುಗಿಸಿ ಮಲಗಿದ್ದೆ ಮಾರಾಯ, ನಿನ್ನ ಟಿಂಗ್ ಟಿಂಗಿಗೆ ಎಚ್ಚರ ಆಯ್ತು. ಅಲ್ಲಿ ಆದದ್ದು ಎಂತ ಗೊತ್ತುಂಟಾ? 2018 ಜುಲೈಯಲ್ಲಿ ಸಮೋವಾದ ಸವಾಯಿ ದ್ವೀಪದ ಆಸ್ಪತ್ರೆಯಲ್ಲಿ ಒಂದೇ ದಿನ ಎರಡು ಶಿಶು ತೀರಿಕೊಂಡದ್ದು. ಎಂಎಂಆರ್ (ದಡಾರ, ಮಂಗನಬಾವು, ರುಬೆಲ್ಲಾದ ಲಸಿಕೆ) ಪೌಡರಿಗೆ ಅದರದ್ದೇ ನೀರು ಹಾಕುವ ಬದಲು ಇಬ್ಬರು ನರ್ಸ್ ಡೇಟ್ ಮುಗಿದ ಮಸಲ್ ರಿಲ್ಯಾಕ್ಸಂಟ್ (ಸ್ನಾಯು ಸಡಿಲ ಮಾಡುವ ಮದ್ದು) ಹಾಕಿ ಕಲಸಿದ್ರು, ಆಪರೇಷನ್ ಥಿಯೇಟರಿನ ಔಷಧಿ ಅದು, ಮಗುವಿಗೆ ಕೊಟ್ಟರೆ ಉಸಿರೇ ನಿಲ್ತದೆ. ಲಸಿಕೆಯದ್ದು ಎಂತ ತಪ್ಪೂ ಇಲ್ಲ, ಆದ್ರೆ ಊರಿನವರಿಗೆ ಕಂಡದ್ದು ಅಷ್ಟೇ ಅಲ್ವಾ, ಸೂಜಿ ಚುಚ್ಚಿದ್ರು ಮಗು ಹೋಯ್ತು. ಸರ್ಕಾರ ತಿಂಗಳುಗಟ್ಟಲೆ ಎಂಎಂಆರ್ ಹಾಕುವುದೇ ನಿಲ್ಲಿಸಿತು. ಮತ್ತೆ ನಾನಿರುವ ನ್ಯೂಜಿಲೆಂಡಿನ ಆಕ್ಲೆಂಡಿಂದಲೇ ಪ್ಲೇನಲ್ಲಿ ಹೋಯ್ತು ದಡಾರ 😔

ಬಸವರಾಜ: ಅಲ್ಲಪಾ ಹರೀಶಾ, ಯಾವ ಕಂಪನಿ ಲಸಿಕಿನೋ ಅದ ಕಂಪನಿ ಡೈಲ್ಯೂಯೆಂಟ್ (ಕಲಸೋ ನೀರು), ಕಲಸಿದ ಟೈಮ್ ವಾಯಲ್ ಮ್ಯಾಲ ಬರಿ, ನಾಕ್ ತಾಸ್ ಆದಮ್ಯಾಲ ಒಗಿ, ನಮಗೆಲ್ಲಾ ಬಡದು ಬಡದು ಕಲಿಸ್ಯಾರ ಇದನ್ನ. ಅದನ್ನ ನೋಡಾಕ ಜಿನೀವಾದ ಡಬ್ಲ್ಯೂಎಚ್‌ಒ ಆಫೀಸಿಂದ ಯಾರರ ಬಂದು ಫ್ರಿಜ್ ಮುಂದ ನಿಂದರತಾರೇನು?

ಸುಮಾ: ನಮ್ ಪಿಎಚ್‌ಸಿ ಐಎಲ್‌ಆರ್ (ಲಸಿಕೆ ಇಡೋ ಫ್ರಿಜ್) ಮುಚ್ಚಳದ ಮೇಲೆ ನಾನೇ ಚೀಟಿ ಅಂಟ್ಸಿದೀನಿ, ಲಸಿಕೆ ಡೈಲ್ಯೂಯೆಂಟ್ ಬಿಟ್ಟು ಏನೂ ಇಡಬಾರದು ಅಂತ. ಮೊನ್ನೆ ತೆಗೆದ್ರೆ ಯಾರದ್ದೋ ಮೊಸರಿನ ಡಬ್ಬಿ

ಹರೀಶ: 😂 ಸರಿ, ಎಲ್ಲಾ ಲೋಕಲ್ ನರ್ಸ್ ಕೈಯಲ್ಲೇ ಇದೆ ಅಂದ್ಮೇಲೆ ಏಜೆನ್ಸಿ ಯಾಕೆ, ಮುಚ್ಚಲಿ

ಜೆಸಿಂತಾ: ಲಸಿಕೆ ಎಲ್ಲಿಂದ ಬರ್ತದೆ ಮತ್ತೆ? ಒಂದು ಪುಟ್ಟ ದ್ವೀಪದವರು ಕಂಪನಿಗೆ ಫೋನ್ ಮಾಡಿ ನಮಗೆ ನಾಲ್ಕು ಸಾವಿರ ಡೋಸ್ ಕೊಡಿ ಅಂದ್ರೆ ಅವ್ರು ನಗ್ತಾರೆ. 1990ರ ದಶಕದಿಂದ ಯುನಿಸೆಫ್ ಪೆಸಿಫಿಕ್ ದ್ವೀಪಗಳ ಆರ್ಡರ್ ಎಲ್ಲ ಒಟ್ಟು ಮಾಡಿ ತರಿಸ್ತದೆ, ಮೊದಲು ದುಡ್ಡು ತಾನೇ ಹಾಕಿ. ಮತ್ತೆ ದೇಶದವ್ರು ಕಟ್ತಾರೆ. ಧರ್ಮಕ್ಕೆ ಕೊಡುವುದಲ್ಲ ಅದು, ಉದ್ರಿ ಲೆಕ್ಕ

ಬಸವರಾಜ: ಅಲ್ಲೇ ಪೆಸಿಫಿಕ್ ದ್ವೀಪದೇಶ ವನುವಾಟುದಾಗ 2018 ಡಿಸೆಂಬರ್‌ನ್ಯಾಗ ಡ್ರೋನ್ ಹಾರಿಸಿದ್ರಲಾ, ಗುಡ್ಡ ದಾಟಿ ಹತ್ರಹತ್ರ 40 ಕಿಮೀ, ಡಬ್ಬ್ಯಾಗ ಲಸಿಕಿ, ಐಸ್ ಪ್ಯಾಕ್ ಇಟ್ಟು, ಆ ಕಡೆ ಒಂದ್ ತಿಂಗಳ ಕೂಸಿಗೆ ಹಾಕಿದ್ರು. ಅದಕ್ಕೂ ಯುನಿಸೆಫ್ ಜೊತಿಗಿತ್ತು

ಹರೀಶ: ಡ್ರೋನ್ ಫೋಟೋ ಚೆನ್ನಾಗ್ ಬರುತ್ತೆ ಬಿಡಪ್ಪ. ಎರಡು ಮಕ್ಳು ಸತ್ತ ಮೇಲೆ ಊರೂರಿಗೆ ಹೋಗಿ ಕೂತು ತಾಯಂದಿರ ಹತ್ರ ಮಾತಾಡೋದಿತ್ತಲ್ಲ, ಅದ್ರದ್ದು ಫೋಟೋ ಬರಲ್ಲ. ಒಂದು ವರ್ಷದ ಮೇಲೆ ಟೈಮ್ ಇತ್ತು, ಆ ದೇಶದ ಮಂತ್ರಿಗಳಿಗೆ ಬೇಜಾರಾದ್ರೂ ಪರವಾಗಿಲ್ಲ ಅಂತ ಗಟ್ಟಿಯಾಗಿ ಕೂಗ್ಬೇಕಿತ್ತು ಇವ್ರು

ಸುಮಾ: ಇದೊಂದು ಮಾತು ಸರಿ ಹೇಳ್ದೆ ನೋಡು

ಜೆಸಿಂತಾ: ಹೌದು, ಇದಕ್ಕೆ ನಾನು ಜಗಳ ಮಾಡುದಿಲ್ಲ. ಕಡೆಗೆ ಬಂದದ್ದು ಮಾತ್ರ ಎಂತ ಬರುವುದು ಮಾರಾಯ, ಯುನಿಸೆಫಿಂದ ಲಕ್ಷಕ್ಕೂ ಮಿಕ್ಕಿ ಡೋಸ್, ವಿಟಮಿನ್ ಎ, ಬೇರೆ ಬೇರೆ ದೇಶದ ಡಾಕ್ಟರ್ ನರ್ಸ್‌ಗಳು. ಡಿಸೆಂಬರ್ 5, 6 ಎರಡು ದಿನ ದೇಶವೇ ಬಂದ್. ಲಸಿಕೆ ಆಗದವರು ಮನೆ ಎದುರು ಕೆಂಪು ಬಟ್ಟೆ ಕಟ್ಟಬೇಕು, ಟೀಮ್ ಮನೆ ಬಾಗಿಲಿಗೇ ಬರ್ತದೆ. ನಮ್ಮ ವಾರ್ಡಿನ ಸಮೋವಾದವಳೊಬ್ಬಳು ಅವಳ ಅಕ್ಕನ ಮನೆಯ ಫೋಟೋ ತೋರಿಸಿದ್ಳು, ಗೇಟಿಗೆ ಹಳೆ ಕೆಂಪು ಲುಂಗಿ ಹರಿದು ಕಟ್ಟಿದ್ರು. ಆ ತಿಂಗಳಲ್ಲೇ 95% ಮುಟ್ಟಿತು. ಅಷ್ಟೊತ್ತಿಗೆ ಹೋಗುವ ಮಕ್ಕಳು ಹೋಗಿಯಾಗಿತ್ತು

ಬಸವರಾಜ: ಆ ನರ್ಸ್‌ಗೊಳದ್ದು ಏನಾತು?

ಜೆಸಿಂತಾ: ಇಬ್ಬರೂ ತಪ್ಪು ಒಪ್ಪಿಕೊಂಡ್ರು. 2019 ಆಗಸ್ಟಲ್ಲಿ ಐದೈದು ವರ್ಷ ಜೈಲು ಅಂತ ಆಯ್ತು

ಹರೀಶ: ಐದು ವರ್ಷ…

ಸುಮಾ: ಸರಿ ನಾನ್ ಹೊರಟೆ, ಇವತ್ತು ಗುರುವಾರ, ಲಸಿಕೆ ದಿನ. ಮೊದ್ಲು ಹೋಗಿ ಐಎಲ್‌ಆರ್ ಮುಚ್ಚಳ ತೆಗೆದು ನೋಡ್ತೀನಿ